ಟಿಸಿಟಿ ಎಳೆದವರೂ 625 ತೆಗೆದವರೂ

ಫಲಿತಾಂಶ ಬಂದ ವಾರ ಬಸವನಗುಡಿಯಲ್ಲಿ ಒಂದು ಮದುವೆ ಊಟ. ಪಕ್ಕದ ಎಲೆಗೆ ಕೂತವರು ದೂರದ ನೆಂಟರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಶುರು ಮಾಡಿದರು. "ಏನ್ ಮೇಷ್ಟ್ರೇ, ನಮ್ ಕಾಲ್ದಲ್ಲಿ ಫಸ್ಟ್ ಕ್ಲಾಸ್ ಬಂದ್ರೆ ಬೀದಿಗೆಲ್ಲ ಪೇಡ ಹಂಚ್ತಿದ್ರು. ಈಗ ನಮ್ಮನೇಲಿ ಎಸ್ಸೆಸ್ಸೆಲ್ಸಿಲಿ 625ಕ್ಕೆ 590 ಬಂದ ಹುಡುಗ ಮುಖ ಊದಿಸ್ಕೊಂಡು ಕೂತಿದಾನೆ. ಮಾರ್ಕ್ಸ್ ಏನು ಪುಕ್ಕಟೆ ಹಂಚ್ತೀರಾ?"

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಎಷ್ಟೋ ವರ್ಷಗಳಿಂದ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೂ ಹೋಗುತ್ತಿದ್ದೇನೆ. ಹಾಗಾಗಿ ಈ ಪ್ರಶ್ನೆ ಮದುವೆ, ನಾಮಕರಣ, ಬಸ್ ಸ್ಟಾಪು ಎಲ್ಲ ಕಡೆ ಎದುರಾಗುತ್ತದೆ. "ಹೌದು ಸ್ವಾಮಿ, ಕಾಲ ಕೆಟ್ಟಿತು" ಅಂದುಬಿಟ್ಟರೆ ಊಟ ಸಲೀಸಾಗಿ ಮುಗಿಯುತ್ತದೆ. ಆದರೆ ಅದು ಅರ್ಧ ನಿಜ ಅಷ್ಟೇ.

ಮೊದಲು ಮಾರ್ಕ್ಸ್ ಹೇಗೆ ಬೀಳುತ್ತದೆ ನೋಡಿ. ಥೇಲ್ಸ್ ಪ್ರಮೇಯ ಅಂತ ಒಂದಿದೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಉಳಿದೆರಡು ಬಾಹುಗಳು ಒಂದೇ ಅನುಪಾತದಲ್ಲಿ ಭಾಗವಾಗುತ್ತವೆ. ನಾಲ್ಕು ಅಂಕಕ್ಕೆ ಬಂತು ಅಂದುಕೊಳ್ಳಿ. ನಮ್ಮ ಕೈಗೆ ಕೊಡುವ ಕೀ ಆನ್ಸರಿನಲ್ಲಿ ಸಾಮಾನ್ಯವಾಗಿ ಚಿತ್ರಕ್ಕೆ ಅರ್ಧ, ದತ್ತಕ್ಕೆ (ಅಂದರೆ ಕೊಟ್ಟಿರುವುದಕ್ಕೆ) ಅರ್ಧ, ಸಾಧನೀಯಕ್ಕೆ (ಸಾಧಿಸಬೇಕಾದದ್ದಕ್ಕೆ) ಅರ್ಧ, ರಚನೆಗೆ ಅರ್ಧ. ಉಳಿದ ಎರಡು ಸಾಧನೆಗೆ. ಅಂದರೆ ಏನನ್ನೂ ಸಾಧಿಸದ ಹುಡುಗನಿಗೂ ಎರಡು ಅಂಕ ಸಿಗಬಹುದು. ತಪ್ಪಲ್ಲ ಅದು. ಚಿತ್ರ ಬರೆದು ದತ್ತ ಯಾವುದು, ಸಾಧನೀಯ ಯಾವುದು ಎಂದು ಬೇರೆ ಮಾಡಿದವನು ಅಷ್ಟು ಕಲಿತಿದ್ದಾನೆ ತಾನೆ? ಹಿಂದೆ ಹಿರಿಯ ಮೇಷ್ಟ್ರುಗಳು ಉತ್ತರದ ಮೇಲೆ ಒಂದು ಸಲ ಕಣ್ಣಾಡಿಸಿ, ಕೊನೆ ಸಾಲು ಸರಿ ಇಲ್ಲದಿದ್ದರೆ ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತುತ್ತಿದ್ದರು. ಅದನ್ನೇ ಕಟ್ಟುನಿಟ್ಟು ಅಂತ ಕರೆದೆವು. ಅದೇ ಪೇಪರ್ ಇನ್ನೊಬ್ಬರ ಕೈಗೆ ಹೋಗಿದ್ದರೆ ಹತ್ತು ಅಂಕ ಜಾಸ್ತಿ ಬರುತ್ತಿತ್ತು ಅನ್ನುವುದನ್ನು ಯಾರೂ ಹೇಳಲಿಲ್ಲ.

ಕನ್ನಡ ಪೇಪರಿನದೂ ಇದೇ ಕಥೆ. ಪುಟಗಟ್ಟಲೆ ಪ್ರಬಂಧ ಬರೆಸಿ ನೂರಕ್ಕೆ ಎಪ್ಪತ್ತು ದಾಟಿಸದೆ ಇರುವುದು ಒಂದು ಗತ್ತು ಆಗಿತ್ತು. ಈಗ ಚಿಕ್ಕ ಚಿಕ್ಕ ಪ್ರಶ್ನೆಗಳು. ಇಷ್ಟು ಅಂಶ ಬರೆದರೆ ಇಷ್ಟು ಅಂಕ, 125ಕ್ಕೆ 125 ಬರುತ್ತದೆ. (ಬೆಂಗಳೂರಿನಲ್ಲಿ ಎಷ್ಟೋ ಮಕ್ಕಳು ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳುವುದು ಕಾಳಿದಾಸನ ಮೇಲಿನ ಪ್ರೀತಿಯಿಂದಲ್ಲ, ಅದು ನಿಮಗೂ ಗೊತ್ತು.)

ಈ ಅಳತೆಗೋಲು ಎಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ ಅನ್ನುವುದಕ್ಕೆ ಅಜ್ಜನ ಕಾಲಕ್ಕೆ ಹೋಗಬೇಕಾಗಿಲ್ಲ. 2021ರಲ್ಲಿ ಕೊರೋನಾ. ಎರಡೇ ದಿನ, ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಪರೀಕ್ಷೆ. ಹೆಚ್ಚುಕಡಿಮೆ ಎಲ್ಲರೂ ಪಾಸು, 625ಕ್ಕೆ 625 ತೆಗೆದವರು 157 ಮಂದಿ. 2022ರಲ್ಲಿ ಅಂಥವರು 145. ಮಾರನೇ ವರ್ಷ ನಾಲ್ಕೇ ನಾಲ್ಕು. 2024ರಲ್ಲಿ ಒಬ್ಬರೇ. 2025ರಲ್ಲಿ ಮತ್ತೆ 22. ರಾಜ್ಯದ ಮಕ್ಕಳ ಬುದ್ಧಿ ಒಂದು ವರ್ಷದಲ್ಲಿ ಹೀಗೆ ಬಿದ್ದು ಎದ್ದು ಮಾಡುತ್ತದಾ?

2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕ್ಯಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಫೇಲಾಗುವವರನ್ನು ದಾಟಿಸಲು ಕೊಡುವ ಗ್ರೇಸ್ ಅಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಗ್ರೇಸ್ ತೆಗೆದರು, 66.14ಕ್ಕೆ ಬಂತು. ಮಟ್ಟ ಕುಸಿಯಿತು ಅಂತ ಕೂಗಿದರು ಜನ. ನನಗೆ ಕಂಡದ್ದು ಉಲ್ಟಾ. ಕಿಟಕಿಯಿಂದ ಚೀಟಿ ಬರುತ್ತಿದ್ದ ಕಡೆ ಅದು ನಿಂತು, ಇದ್ದದ್ದು ಇದ್ದ ಹಾಗೆ ಕಾಣಿಸಿತು ಅಷ್ಟೇ.

ಆಮೇಲೆ ಪಾಸಿನ ಗೆರೆಯನ್ನೇ ಕೆಳಗಿಳಿಸಿದರು. ಶೇಕಡಾ 35 ಹೋಗಿ 33 ಬಂತು, ಅಂದರೆ 625ಕ್ಕೆ 206. ಇದು ನನಗೆ ಹಿಡಿಸಲಿಲ್ಲ, ಯಾಕೆಂದರೆ ಲೆಕ್ಕದ ಮೇಷ್ಟ್ರು ಕೂಡಿಸಿ ಕಳೆದು ನೋಡುತ್ತಾನೆ. ಆರು ವಿಷಯದ ಆಂತರಿಕ ಅಂಕ ಸೇರಿದರೆ 125. ಅದು ಶಾಲೆಯಲ್ಲೇ ಹಾಕುವ ಅಂಕ. ಯಾವ ಮೇಷ್ಟ್ರೂ ತನ್ನ ಮಗುವಿಗೆ ಅದರಲ್ಲಿ ಕಡಿಮೆ ಹಾಕುವುದಿಲ್ಲ, ನಾನೂ ಹಾಕುವುದಿಲ್ಲ. 206ರಲ್ಲಿ 125 ಕಳೆದರೆ ಉಳಿದದ್ದು 81. ಬರೆದು ತೆಗೆಯಬೇಕಾದದ್ದು 500ಕ್ಕೆ 81! ವಿಷಯಕ್ಕೆ ಶೇಕಡಾ 30ರ ಗೆರೆ ಬೇರೆ ಇದೆ, ನಿಜ. ಆದರೂ.

ಇಷ್ಟು ಹೇಳುವಷ್ಟರಲ್ಲಿ ಎದುರು ಸಾಲಿನ ಅಜ್ಜ ಕಿವಿ ಕೊಟ್ಟಿದ್ದರು. ಅವರ ಕಾಲದಲ್ಲಿ ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಗೆ ಬರುತ್ತಿತ್ತಂತೆ. "3 ರೂಪಾಯಿ 7 ಆಣೆ 6 ಪೈ ಅಂದ್ರೆ 9 ಜನಕ್ಕೆ ಎಷ್ಟು ಅಂತ ನಿಂತಲ್ಲೇ ಹೇಳ್ತಿದ್ವಿ." ಒಪ್ಪಿದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆ ಲೆಕ್ಕ ಇವತ್ತಿನ ಹುಡುಗರಿಗೆ ಬರುವುದಿಲ್ಲ. ಆದರೆ 1957ರಲ್ಲಿ ರೂಪಾಯಿಗೆ ನೂರು ಪೈಸೆ ಆಯಿತು. ನಾಣ್ಯದ ಜೊತೆ ಆ ಲೆಕ್ಕವೂ ಹೋಯಿತು. ಅದನ್ನು ಮಗುವಿನ ತಲೆಗೆ ಕಟ್ಟಬಾರದು.

ಇನ್ನೊಂದು ಮಾತು ಅಜ್ಜನಿಗೆ ಹೇಳಬೇಕು ಅನ್ನಿಸಿತು, ಹಿರಿಯರು ಅಂತ ಸುಮ್ಮನಾದೆ. 1951ರಲ್ಲಿ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18. ಅವರ ಜೊತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಜನ ಹೈಸ್ಕೂಲು ಮುಟ್ಟಿದರು? ದನ ಕಾಯಲು ಹೋದವರು, ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳು ಯಾರೂ ಪರೀಕ್ಷೆಗೇ ಕೂರಲಿಲ್ಲ. ನನ್ನ ಕ್ಲಾಸಿನಲ್ಲಿ ಈಗ ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳಿದ್ದಾರೆ. ಮನೆಯಲ್ಲಿ ಮೊದಲ ಸಲ ಹತ್ತನೇ ಕ್ಲಾಸು ನೋಡುತ್ತಿರುವವರು. ಆಗಿನ ಸೋಸಿದ ಹತ್ತು ಜನರನ್ನು ಈಗಿನ ಇಡೀ ಊರಿನ ಜೊತೆ ತೂಗಿದರೆ ತಕ್ಕಡಿ ಏನು ಹೇಳೀತು?

ಪಠ್ಯವಂತೂ ಸುಲಭವಾಗಿಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೊಂಡ ಹಳೆಯ ಗೈಡು, ಪ್ರಶ್ನೆಪತ್ರಿಕೆ ನನ್ನ ಬೀರುವಿನಲ್ಲಿವೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟಿಸಿಟಿ ಅಂದರೆ ಮಕ್ಕಳಿಗೆ ನಡುಕ. ಟ್ರಾನ್ಸ್‌ವರ್ಸ್ ಕಾಮನ್ ಟ್ಯಾಂಜೆಂಟ್, ಅಂದರೆ ಎರಡು ವೃತ್ತಕ್ಕೆ ವ್ಯತ್ಯಸ್ತ ಸಾಮಾನ್ಯ ಸ್ಪರ್ಶಕ, ಎರಡರ ನಡುವೆ ಹಾದು ಎರಡನ್ನೂ ಮುಟ್ಟುವ ಗೆರೆ, ಎಳೆಯುವುದು. ತ್ರಿಜ್ಯ 4 ಮತ್ತು 2, ಕೇಂದ್ರಗಳ ನಡುವೆ 8 ಸೆಂಟಿಮೀಟರ್ ಇದ್ದರೆ ಸ್ಪರ್ಶಕದ ಉದ್ದ 5.3 ಬರಬೇಕು. ಪೆನ್ಸಿಲ್ ಮೊನೆ ದಪ್ಪ ಇದ್ದರೆ 5.6 ಆಗಿ ಕಣ್ಣಲ್ಲಿ ನೀರು. ಈಗ ಅದಿಲ್ಲ. ಬದಲಿಗೆ ಹತ್ತನೇ ಕ್ಲಾಸಿಗೇ ಟ್ರಿಗನೋಮೆಟ್ರಿ ಬಂದಿದೆ. ನಾನು ಅದನ್ನು ಮೊದಲು ನೋಡಿದ್ದೇ ಪಿಯುಸಿಯಲ್ಲಿ. ಗೋಪುರದ ನೆತ್ತಿಯನ್ನು 60 ಡಿಗ್ರಿಯಲ್ಲಿ ನೋಡುವ ಲೆಕ್ಕವನ್ನು ನೆಂಟರಿಗೆ ಬಾಯಲ್ಲೇ ಹೇಳಿದೆ. ನಕ್ಕು ರಸಂ ಕಡೆ ಕೈ ತೋರಿಸಿದರು.

ಹಾಗಾದರೆ ಏನೂ ಕೆಟ್ಟಿಲ್ಲವಾ? ಕೆಟ್ಟಿದೆ, ಬೇರೆ ಜಾಗದಲ್ಲಿ. ನಮ್ಮಲ್ಲಿ 'ಪಾಸಿಂಗ್ ಪ್ಯಾಕೇಜ್' ಅಂತ ಒಂದು ಮಾತು ಓಡಾಡುತ್ತದೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮೊದಲೇ ಗೊತ್ತಿರುವುದರಿಂದ ಖಂಡಿತ ಬರುವ ಗ್ರಾಫು, ಖಂಡಿತ ಬರುವ ಪ್ರಮೇಯ, ಖಂಡಿತ ಬರುವ ಸರಾಸರಿ ಲೆಕ್ಕ ಇಷ್ಟನ್ನೇ ಡಿಸೆಂಬರಿನಿಂದ ತಿಕ್ಕಿ ತಿಕ್ಕಿ ಬರೆಸುವುದು. ಫಲಿತಾಂಶ ಕಡಿಮೆಯಾದರೆ ನೋಟಿಸು ಬರುತ್ತದೆ, ಅದಕ್ಕೇ ಬರೆಸುತ್ತೇವೆ. ಬುದ್ಧಿವಂತ ಮಕ್ಕಳಿಗೂ ಇದೇ, ಪ್ಯಾಕೇಜು ಸ್ವಲ್ಪ ದೊಡ್ಡದು ಅಷ್ಟೇ. ಹಿಂದೆಯೂ ಗಟ್ಟು ಹೊಡೆಯುತ್ತಿದ್ದರು. ಆದರೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಇಡೀ ಪುಸ್ತಕ ಗಟ್ಟು ಹೊಡೆಯಬೇಕಿತ್ತು.

ಹೋದ ಜನವರಿಯಲ್ಲಿ ಒಂದು ದಿನ ಅದೇ ಥೇಲ್ಸ್ ಪ್ರಮೇಯವನ್ನು ಬೋರ್ಡಿನ ಮೇಲೆ ಬರೆದೆ. ಪುಸ್ತಕದಲ್ಲಿ ABC ತ್ರಿಭುಜ, ಒಳಗೆ DE ಗೆರೆ. ನಾನು ತ್ರಿಭುಜವನ್ನು ತಲೆಕೆಳಗೆ ಮಾಡಿ PQR ಅಂತ ಹೆಸರಿಟ್ಟು, ಗೆರೆಗೆ XY ಅಂದೆ. ಬೇರೇನೂ ಬದಲಿಸಲಿಲ್ಲ. ಹಿಂದಿನ ವಾರದ ಟೆಸ್ಟಿನಲ್ಲಿ ಪೂರ್ತಿ ನಾಲ್ಕು ತೆಗೆದಿದ್ದ ಹುಡುಗ ಐದು ನಿಮಿಷ ಪೆನ್ನು ಕಚ್ಚಿಕೊಂಡು ಕೂತ. ಆಮೇಲೆ ಎದ್ದು ನಿಂತು, "ಸಾರ್, ಇದು ಹೊಸ ಪ್ರಮೇಯನಾ? ಎಷ್ಟು ಮಾರ್ಕ್ಸಿಗೆ ಬರುತ್ತೆ?" ಅಂದ.

ಕೊನೇ ಬೆಂಚಿನ ಒಬ್ಬಳು ಪುಸ್ತಕವನ್ನೇ ತಲೆಕೆಳಗೆ ತಿರುಗಿಸಿ ನೋಡುತ್ತಿದ್ದಳು. ಕ್ಲಾಸ್ ಟೆಸ್ಟಿನಲ್ಲಿ ನಲವತ್ತು ದಾಟದವಳು. "P ಅಂದ್ರೆ A ಅಲ್ವಾ ಸಾರ್?" ಅಂದಳು. ಹೌದಮ್ಮ, P ಅಂದರೆ A.