ಗೋಲು ಹೊಡೆದ ರಸಾಯನಜ್ಞ, ನೀರು ಬೆರೆತ ಹಾಲು

ವಿಲ್ಲೆಮ್ ಹೆಸೆಲಿಂಕ್ ನೆದರ್‌ಲೆಂಡ್ಸ್ ಫುಟ್‌ಬಾಲ್ ತಂಡದ ಪರ ಆಡಿದ್ದು ಒಂದೇ ಪಂದ್ಯ. 1905ರ ಮೇ 14ರಂದು ರಾಟರ್‌ಡ್ಯಾಮ್‌ನಲ್ಲಿ ಬೆಲ್ಜಿಯಂ 4-0 ಗೋಲುಗಳಿಂದ ಸೋತಿತು. ಒಂದು ಗೋಲು ಇವರದು. 1892ರಲ್ಲಿ, ಇನ್ನೂ ಹದಿನಾಲ್ಕರ ಹುಡುಗ, ಗೆಳೆಯರ ಜತೆ ಆರ್ನೆಮ್‌ನಲ್ಲಿ ವಿಟೆಸ್ ಕ್ಲಬ್ ಕಟ್ಟಿದ್ದರು. ರಸಾಯನಶಾಸ್ತ್ರ ಓದಲು ಮ್ಯೂನಿಕ್‌ಗೆ ಹೋದವರು ಅಲ್ಲಿನ ಬಾಯರ್ನ್ ಕ್ಲಬ್ಬಿಗೆ ಆಟಗಾರನೂ ಹೌದು, ಅಧ್ಯಕ್ಷನೂ ಹೌದು! ಒದೆತದ ಬಿರುಸಿಗೆ ಬಿದ್ದ ಅಡ್ಡಹೆಸರು 'ಫಿರಂಗಿ'. ಮುಂದೆ ಆರ್ನೆಮ್‌ನಲ್ಲಿ ಆಹಾರ ತಪಾಸಣಾ ಸಂಸ್ಥೆಯ ನಿರ್ದೇಶಕರಾದರು, ಅಪರಾಧ ತನಿಖೆಗೂ ತಜ್ಞರಾದರು.

ಇಂಥ ಪ್ರಯೋಗಾಲಯಗಳ ನಿತ್ಯದ ತಲೆನೋವು ಹಾಲಿಗೆ ನೀರು. ಲ್ಯಾಕ್ಟೋಮೀಟರ್ ಇಳಿಬಿಟ್ಟರೆ ಸಾಕೆಂದು ನಂಬುವವರು ಇವತ್ತಿಗೂ ಇದ್ದಾರೆ. ಸಾಲದು. ಅದಕ್ಕೆ ಗೊತ್ತಾಗುವುದು ಸಾಂದ್ರತೆಯೊಂದೇ. ನೀರಿನದು 1 ಎಂದರೆ ಹಸುವಿನ ಹಾಲಿನದು ಸುಮಾರು 1.028ರಿಂದ 1.033. ಕೆನೆ ತೆಗೆದರೆ ಅದು ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಎರಡನ್ನೂ ಹದವರಿತು ಮಾಡುವ ಚಾಲಾಕಿಗೆ ಲ್ಯಾಕ್ಟೋಮೀಟರೇ ಸರ್ಟಿಫಿಕೇಟ್ ಕೊಡುತ್ತದೆ.

ಅವನು ಸಿಕ್ಕಿಬೀಳುವುದು ಘನೀಭವನ ಬಿಂದುವಿನಲ್ಲಿ. ಹಾಲು ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ. ಕರಗಿರುವ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಮತ್ತು ಲವಣಗಳಿಂದಾಗಿ ಸುಮಾರು ಮೈನಸ್ 0.54 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ಕೆಚ್ಚಲಿನಲ್ಲಿ ಹಾಲು ಹಸುವಿನ ರಕ್ತದ ಆಸ್ಮಾಟಿಕ್ ಒತ್ತಡಕ್ಕೆ (ಕರಗಿರುವ ಕಣಗಳು ನೀರನ್ನು ಸೆಳೆಯುವ ಬಲ) ಸರಿದೂಗಿಯೇ ತಯಾರಾಗುವುದರಿಂದ ತಳಿ, ಮೇವು ಬದಲಾದರೂ ಈ ಸಂಖ್ಯೆ ಹೆಚ್ಚು ಅಲುಗದು. ಕೊಬ್ಬು ಕರಗಿರುವುದಿಲ್ಲ, ಹನಿಹನಿಯಾಗಿ ತೇಲುತ್ತಿರುತ್ತದೆ. ಹಾಗಾಗಿ ಕೆನೆಯ ಆಟ ಇಲ್ಲಿ ನಡೆಯುವುದಿಲ್ಲ. ನೂರಕ್ಕೆ ಹತ್ತು ಭಾಗ ನೀರಿದ್ದರೆ ಬಿಂದು ಮೈನಸ್ 0.49ರ ಆಸುಪಾಸಿಗೆ ಬರುತ್ತದೆ. ವ್ಯತ್ಯಾಸ ಬರೀ 0.05 ಡಿಗ್ರಿ! ಡಿಗ್ರಿಯ ನೂರನೇ ಭಾಗಕ್ಕೂ ಗೆರೆಯಿರುವ ಬೆಕ್‌ಮನ್ ಥರ್ಮಾಮೀಟರ್ ಬೇಕಾಗುವುದು ಇದಕ್ಕೇ.

ಕೈಚಳಕವೂ ಬೇಕು. ಕಲಕುತ್ತ ತಂಪು ಮಾಡಿದರೆ ಹಾಲು ಗಟ್ಟಿಯಾಗದೆಯೇ ಆ ಬಿಂದುವಿಗಿಂತ ಕೆಳಕ್ಕೆ ಜಾರುತ್ತದೆ. ಒಂದು ಡಿಗ್ರಿಯಷ್ಟು ಜಾರಿದಾಗ ಮಂಜುಗಡ್ಡೆಯ ಚೂರೊಂದನ್ನು ಹಾಕಬೇಕು. ಪಾದರಸ ಥಟ್ಟನೆ ಮೇಲೇರಿ ಎಲ್ಲಿ ನಿಲ್ಲುತ್ತದೋ ಅದೇ ಉತ್ತರ. ತಡಮಾಡಿದರೆ ಮಂಜು ವಿಪರೀತ ಕಟ್ಟಿ, ಉಳಿದ ದ್ರವದಲ್ಲಿ ಲವಣ ಹೆಚ್ಚಾಗಿ ಬಿಂದು ಸುಳ್ಳೇ ಇಳಿಯುತ್ತದೆ. ಹುಳಿ ತಿರುಗಿದ ಹಾಲಂತೂ ಪರೀಕ್ಷೆಗೇ ಲಾಯಕ್ಕಿಲ್ಲ: ಒಂದು ಲ್ಯಾಕ್ಟೋಸ್ ಅಣುವಿನಿಂದ ನಾಲ್ಕು ಲ್ಯಾಕ್ಟಿಕ್ ಆಮ್ಲದ ಅಣುಗಳಾಗಿ ಬಿಂದು ಕುಸಿಯುತ್ತದೆ, ಬೆರೆಸಿದ ನೀರು ಮುಚ್ಚಿಹೋಗುತ್ತದೆ.

ಬಾವಿ ನೀರಿನ ಗುಮಾನಿಯಿದ್ದರೆ ಗಂಧಕಾಮ್ಲದಲ್ಲಿ ಕರಗಿಸಿದ ಡೈಫಿನೈಲಮೀನ್ ಎಂಬ ರಾಸಾಯನಿಕ ಇದೆ. ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಇರುವ ನೈಟ್ರೇಟ್ ಲವಣ ಸಿಕ್ಕಿದರೆ ನೀಲಿ ಬಣ್ಣ ತೋರಿಸುತ್ತದೆ. ಶುದ್ಧ ಹಾಲಿನಲ್ಲಿ ನೈಟ್ರೇಟ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕ್ಯಾನು ತೊಳೆದ ನೀರು ತಳದಲ್ಲಿ ಒಂದಿಷ್ಟು ಉಳಿದಿದ್ದರೂ ನೀಲಿಯೇ ಬಂದೀತು. ಇದೊಂದನ್ನೇ ನಂಬಿ ಹಾಲಿನವನನ್ನು ಕೋರ್ಟಿಗೆ ಎಳೆಯುವಂತಿಲ್ಲ.