ಓಡುವ ಅಪ್ಪ-ಅಮ್ಮನನ್ನು ನೋಡಿ ಮಕ್ಕಳಿಗೆ ಓಟದ ಪ್ರೀತಿ ಹುಟ್ಟುತ್ತದೆಯೇ?

ಪ್ರಶ್ನೆ: ನಾನು ಹಲವು ವರ್ಷಗಳಿಂದ ತಪ್ಪದೆ ಓಡುತ್ತಿದ್ದೇನೆ. ಒಂಬತ್ತು ವರ್ಷದ ಮಗಳಿಗೆ ಮಾತ್ರ ಓಟದಲ್ಲಿ ಆಸಕ್ತಿಯೇ ಇಲ್ಲ. ಮಕ್ಕಳು ಹಿರಿಯರನ್ನು ನೋಡಿ ಕಲಿಯುತ್ತಾರೆ ಎನ್ನುವ ಮಾತು ನಮ್ಮ ಮನೆಯಲ್ಲಿ ಏಕೆ ನಿಜವಾಗುತ್ತಿಲ್ಲ? ಬಲವಂತ ಮಾಡದೆ ಅವಳಲ್ಲಿ ಓಟದ ಒಲವು ಮೂಡಿಸುವುದು ಹೇಗೆ? ಸ್ಪರ್ಧೆಗಳಿಗೆ ಯಾವಾಗ ಸೇರಿಸಬಹುದು?

ಉತ್ತರ: ಮೊದಲು ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಿ. ನೀವು ಓಡುವುದನ್ನು ನಿಮ್ಮ ಮಗಳು ನಿಜವಾಗಿಯೂ ನೋಡಿದ್ದಾಳೆಯೇ? ಉದ್ಯೋಗ ಮತ್ತು ಮನೆಗೆಲಸದ ನಡುವೆ ಬಿಡುವು ಮಾಡಿಕೊಳ್ಳಬೇಕಾದ ತಂದೆತಾಯಂದಿರಲ್ಲಿ ಅನೇಕರು ಮನೆಯವರು ಏಳುವ ಮುನ್ನವೇ ಓಡಿ ಬಂದಿರುತ್ತಾರೆ. ಮಗು ಕಣ್ಣುಬಿಡುವ ಹೊತ್ತಿಗೆ ಕಾಣುವುದು ಬಾಗಿಲ ಬಳಿ ಬಿದ್ದಿರುವ ಕೆಸರಾದ ಬೂಟು, ಕುರ್ಚಿಯ ಬೆನ್ನಿಗೆ ಹಾಕಿದ ಬೆವರಿನ ಅಂಗಿ, ಮೊಣಕಾಲಿಗೆ ಐಸ್ ಒತ್ತಿಕೊಂಡು ಕುಳಿತ ಅಮ್ಮ ಅಥವಾ ಅಪ್ಪ. ಓಟದ ಸಂತೋಷವೆಲ್ಲ ಅವಳ ಕಣ್ಣಿಗೆ ಬೀಳದ ಕಡೆ ನಡೆದುಹೋಗಿ, ಅದರ ಆಯಾಸವಷ್ಟೇ ಮನೆಯೊಳಗೆ ಬಂದಿರುತ್ತದೆ. ಇಷ್ಟನ್ನೇ ನೋಡಿದ ಮಗು ಓಟವನ್ನು ಇಷ್ಟಪಡದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ನೋಡಿ ಕಲಿಯುವುದೆಂದರೆ ಏನೆಂಬುದನ್ನು ಆಳವಾಗಿ ಅಧ್ಯಯನ ಮಾಡಿದವರು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ. 1961ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ, ಹಿರಿಯರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ಯಾರೂ ಹೇಳಿಕೊಡದಿದ್ದರೂ ಅದೇ ರೀತಿ ಹೊಡೆದರು. ಆದರೆ ಕಂಡದ್ದನ್ನೆಲ್ಲ ಮಕ್ಕಳು ಅನುಸರಿಸುತ್ತಾರೆಂದು ಬಂಡೂರ ಹೇಳಲಿಲ್ಲ. ಮಗುವಿನ ಗಮನ ಅದರ ಕಡೆ ಹರಿಯಬೇಕು, ಕಂಡದ್ದು ನೆನಪಿನಲ್ಲಿ ಉಳಿಯಬೇಕು, ಅದನ್ನು ಮಾಡುವ ಶಕ್ತಿ ಮೈಯಲ್ಲಿರಬೇಕು, ಮಾಡಬೇಕೆಂದು ಮನಸ್ಸಿಗೂ ಅನ್ನಿಸಬೇಕು. ಈ ನಾಲ್ಕರಲ್ಲಿ ಕೊನೆಯದು, ತಾನು ನೋಡುತ್ತಿರುವ ವ್ಯಕ್ತಿಗೆ ಆ ಕೆಲಸದಿಂದ ಏನು ದೊರೆಯಿತು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ನೀವು ಎಷ್ಟು ದೂರ ಓಡಿದಿರಿ ಎಂಬುದಕ್ಕಿಂತ, ಓಡಿ ಬಂದ ಮೇಲೆ ನಿಮ್ಮ ಮುಖ ಹೇಗಿತ್ತು, ಯಾವ ಮಾತು ನಿಮ್ಮ ಬಾಯಿಂದ ಬಂತು ಎಂಬುದನ್ನು ಮಗು ಹೆಚ್ಚು ಗಮನಿಸುತ್ತದೆ.

ಆದ್ದರಿಂದ ಮಾತಿನ ಮೇಲೆ ನಿಗಾ ಇರಲಿ. "ನಿನ್ನೆ ಜಾಸ್ತಿ ತಿಂದುಬಿಟ್ಟೆ, ಇವತ್ತು ಓಡಲೇಬೇಕು" ಎಂಬ ಮಾತು ಮಗುವಿಗೆ ಊಟವನ್ನು ತಪ್ಪೆಂದೂ ಓಟವನ್ನು ಅದರ ದಂಡವೆಂದೂ ಕಲಿಸುತ್ತದೆ. ಬಾಗಿಲು ದಾಟಿದ ಕೂಡಲೇ ಗಡಿಯಾರ ನೋಡಿ ಮುಖ ಗಂಟಿಕ್ಕುವುದೂ ಒಂದು ಪಾಠವೇ. ದಾರಿಯಲ್ಲಿ ಕಂಡ ಹಕ್ಕಿಯನ್ನೋ, ಏರಿನಲ್ಲಿ ಏದುಸಿರು ಬಂದು ಇಳಿಜಾರಿನಲ್ಲಿ ಮೈ ಹಗುರಾದದ್ದನ್ನೋ ಒಂದೆರಡು ವಾಕ್ಯಗಳಲ್ಲಿ ಹೇಳಿದರೆ ಸಾಕು. ಕಷ್ಟವನ್ನು ಬಚ್ಚಿಡಬೇಕಾಗಿಯೂ ಇಲ್ಲ. ಎಲ್ಲವನ್ನೂ ಲೀಲಾಜಾಲವಾಗಿ ಮಾಡುವವರಿಗಿಂತ, ತಡವರಿಸುತ್ತಲೇ ಮುಂದುವರಿದು ಕೊನೆಗೆ ಸಾಧಿಸುವವರನ್ನು ನೋಡಿದಾಗ ಮಕ್ಕಳಿಗೆ "ನನ್ನಿಂದಲೂ ಆಗಬಹುದು" ಎಂಬ ಧೈರ್ಯ ಹೆಚ್ಚುತ್ತದೆ ಎಂಬುದು ಮಾದರಿ ಕಲಿಕೆಯ ಸಂಶೋಧನೆಗಳು ತೋರಿಸಿರುವ ಸಂಗತಿ. ನಿನ್ನೆ ಮೊನ್ನೆ ಓಡಲು ಶುರು ಮಾಡಿದ ತಂದೆತಾಯಂದಿರಿಗೆ ಇದರಿಂದ ಧೈರ್ಯ ಬರಬೇಕು.

ಇನ್ನು ಜೊತೆಯಲ್ಲಿ ಓಡುವ ವಿಚಾರ. ವಾರಕ್ಕೆ ಒಂದು ಓಟವನ್ನಾದರೂ ಮಗಳು ಎಚ್ಚರವಿರುವ ಹೊತ್ತಿಗೆ ಇಟ್ಟುಕೊಳ್ಳಿ, ಆ ದಿನ ನಿಮ್ಮ ವೇಗವನ್ನು ಪೂರ್ತಿ ಮರೆತುಬಿಡಿ. ಮಕ್ಕಳ ಓಟದ ಲಯವೇ ಬೇರೆ. ಮುಂದಿನ ಮರದವರೆಗೆ ಬಾಣದಂತೆ ಓಡುತ್ತಾರೆ, ಅಲ್ಲಿ ನಿಂತು ಇರುವೆಯ ಸಾಲನ್ನು ನೋಡುತ್ತಾರೆ, ಸ್ವಲ್ಪ ನಡೆಯುತ್ತಾರೆ, ಮತ್ತೆ ಓಡುತ್ತಾರೆ. ಒಂದೇ ಗತಿಯಲ್ಲಿ ಬಹಳ ಹೊತ್ತು ಓಡುವುದು ದೊಡ್ಡವರ ಅಭ್ಯಾಸ, ಅದನ್ನು ಒಂಬತ್ತರ ಮಗುವಿನ ಮೇಲೆ ಹೇರಿದರೆ ಬೇಸರ ಖಂಡಿತ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮುಟ್ಟಾಟ, ಕಣ್ಣಾಮುಚ್ಚಾಲೆ, ಚೆಂಡಿನ ಹಿಂದಿನ ಓಟ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ.

ಓಡಿದರೆ ಇಂಥದ್ದು ಕೊಡಿಸುತ್ತೇನೆಂದು ಆಸೆ ತೋರಿಸುವುದು ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಸಂಶೋಧಕರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಹುಮಾನವಿದೆ ಎಂದು ಮೊದಲೇ ಹೇಳಿದರು. ಮುಂದೆ ಬಹುಮಾನವಿಲ್ಲದ ದಿನಗಳಲ್ಲಿ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ತಾನಾಗಿ ಇಷ್ಟಪಟ್ಟು ಮಾಡುತ್ತಿದ್ದದ್ದು ಕೂಲಿಯ ಕೆಲಸವಾಗಿ ಮಾರ್ಪಟ್ಟಿತ್ತು.

ಓಟ ತಲೆಮಾರಿನಿಂದ ತಲೆಮಾರಿಗೆ ಸಾಗಿದ್ದಕ್ಕೆ ಸುಂದರ ಉದಾಹರಣೆ ಸ್ಕಾಟ್ಲೆಂಡಿನ ಮೆಕಾಲ್ಗನ್ ಕುಟುಂಬ. ತಾಯಿ ಲಿಜ್ 1986 ಮತ್ತು 1990ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ 10,000 ಮೀಟರ್ ಓಟದ ಚಿನ್ನ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಗಳು ಐಲಿಶ್ ಅದೇ ದೂರದಲ್ಲಿ ಚಿನ್ನ ಗೆದ್ದಾಗ ಅವರಿಗೆ 31 ವರ್ಷ. ಆದರೆ ತಂದೆ ಅಥವಾ ತಾಯಿ ಸ್ವತಃ ಓಟಗಾರರಾಗಿರಲೇಬೇಕೆಂದೇನೂ ಇಲ್ಲ. 1980 ಮತ್ತು 1984ರ ಒಲಿಂಪಿಕ್ಸ್‌ಗಳಲ್ಲಿ 1,500 ಮೀಟರ್ ಗೆದ್ದ ಸೆಬಾಸ್ಟಿಯನ್ ಕೋ ಅವರಿಗೆ ತರಬೇತಿ ಕೊಟ್ಟ ತಂದೆ ಪೀಟರ್ ಕೋ ವೃತ್ತಿಯಲ್ಲಿ ಎಂಜಿನಿಯರ್. ಮಗನಿಗಾಗಿಯೇ ಅವರು ಓಟದ ಶಾಸ್ತ್ರವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಮಗು ಇಷ್ಟಪಟ್ಟದ್ದನ್ನು ಹಿರಿಯರು ಗಂಭೀರವಾಗಿ ತೆಗೆದುಕೊಳ್ಳುವುದೂ ಒಂದು ಮಾದರಿಯೇ ಎಂದು ನಾನು ಭಾವಿಸುತ್ತೇನೆ. ನಿಮ್ಮ ಮಗಳು ನಾಳೆ ಈಜನ್ನೋ ನೃತ್ಯವನ್ನೋ ಆರಿಸಿಕೊಂಡರೆ, ಪ್ರತಿದಿನ ಶ್ರದ್ಧೆಯಿಂದ ಬೂಟಿನ ದಾರ ಕಟ್ಟಿಕೊಂಡ ನಿಮ್ಮ ಶಿಸ್ತು ಅಲ್ಲಿಯೂ ಅವಳ ಜೊತೆಗಿರುತ್ತದೆ.

ಕೊನೆಯದಾಗಿ ಸ್ಪರ್ಧೆಯ ಮಾತು. ಅನೇಕ ದೊಡ್ಡ ಮ್ಯಾರಥಾನ್‌ಗಳು 18 ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ, ಬಾಸ್ಟನ್ ಮ್ಯಾರಥಾನ್ ಕೂಡ ಅವುಗಳಲ್ಲೊಂದು. ಮಕ್ಕಳಿಗೆಂದೇ ಏರ್ಪಡಿಸುವ ಒಂದೆರಡು ಕಿಲೋಮೀಟರಿನ ಓಟಗಳಲ್ಲಿ ಅವಳಾಗಿ ಕೇಳಿದರೆ ಈಗಲೇ ಭಾಗವಹಿಸಬಹುದು. ಬೆಳೆಯುವ ಮೂಳೆಗಳ ತುದಿಯ ಭಾಗ ಮೃದುವಾಗಿರುವುದರಿಂದ, ಹಿಮ್ಮಡಿ ಅಥವಾ ಮೊಣಕಾಲಿನ ನೋವು ಕೆಲವು ದಿನಗಳಾದರೂ ಹೋಗದಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಓಟದ ನಡುವೆ ಮಾತನಾಡಲು ಅವಳಿಗೆ ಉಸಿರು ಸಾಲದಿದ್ದರೆ ವೇಗ ತಗ್ಗಿಸಿ, ಸಾಕು ಎಂದ ಕಡೆ ನೀವೂ ನಿಂತುಬಿಡಿ.