ಟ್ರಾವೆಲ್ಸ್‌ನವರು ಸಂಘ ಕಟ್ಟಿದರೆ ಕಂಪನಿ ಬಿಲ್ಲು ಬೇಗ ಬರುತ್ತದಾ?

ಪ್ರಶ್ನೆ: ತೋರಣಗಲ್ಲು, ಸಂಡೂರು ಕಡೆ ಕಂಪನಿಗಳಿಗೆ ನನ್ನ ನಾಲ್ಕು ಗಾಡಿ ಓಡ್ತಾವೆ. ಬೆಂಗಳೂರು, ಹೈದರಾಬಾದಿನಿಂದ ಬರೋ ಸಾಹೇಬ್ರನ್ನ ಪ್ಲಾಂಟಿಗೆ ಬಿಡೋದು, ವಾಪಸ್ ಕರ್ಕೊಂಡು ಬರೋದು. ಬಿಲ್ ಕೊಟ್ಟು ಎರಡು-ಮೂರು ತಿಂಗಳಾದ್ರೂ ರೊಕ್ಕ ಬರಲ್ಲ. ಟ್ರಾವೆಲ್ಸ್‌ನವರೆಲ್ಲ ಸೇರಿ ಸಂಘ ಮಾಡೋಣ ಅಂತ ಮಾತು ನಡೆದೈತೆ. ಅದರಿಂದ ಏನಾದ್ರೂ ಆಗ್ತದಾ, ಇಲ್ಲ ಆಯುಧಪೂಜೆಗೆ ಬ್ಯಾನರ್ ಕಟ್ಟೋಕಷ್ಟೇನಾ?
– ಬಳ್ಳಾರಿಯ ಓದುಗರೊಬ್ಬರು

ಉತ್ತರ: ಆಗುತ್ತದೆ. ಆದರೆ ಮೊದಲ ಸಭೆಯಲ್ಲಿ ನೀವೆಲ್ಲ ಮಾಡಬೇಕೆಂದುಕೊಂಡಿರುವ ಕೆಲಸದಿಂದಲ್ಲ.

ಇಂಥ ಸಭೆಗಳಲ್ಲಿ ಚಹಾ ಬರುವ ಮೊದಲೇ ಒಬ್ಬರು ಎದ್ದು, "ಕಿಲೋಮೀಟರಿಗೆ ಇಷ್ಟು ಅಂತ ಫಿಕ್ಸ್ ಮಾಡ್ರಿ, ಕಡಿಮೆಗೆ ಯಾರೂ ಓಡಿಸಬಾರದು" ಎನ್ನುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಅದನ್ನೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ಸಂಘ ಹುಟ್ಟಿದ ದಿನವೇ ಕಾನೂನಿನ ತಕರಾರಿಗೆ ಸಿಕ್ಕಿಕೊಳ್ಳುತ್ತದೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ವ್ಯಾಪಾರಸ್ಥರು ಒಟ್ಟಾಗಿ ದರ ನಿಗದಿ ಮಾಡುವಂತಿಲ್ಲ.

ಟಿಕೆಟ್ ಏಜೆಂಟರ ಸಂಘಗಳಿಗೆ ಇದರ ಬಿಸಿ ತಟ್ಟಿದೆ. 2008ರಲ್ಲಿ ವಿಮಾನ ಕಂಪನಿಗಳು ಏಜೆಂಟರ ಕಮಿಷನ್ ನಿಲ್ಲಿಸತೊಡಗಿದಾಗ ಸಂಘಗಳು ಸಿಂಗಪುರ್ ಏರ್‌ಲೈನ್ಸ್ ಟಿಕೆಟ್ ಮಾರಬೇಡಿ ಎಂದು ಸದಸ್ಯರಿಗೆ ಹೇಳಿದವು. ಒಂದು ಏಜೆನ್ಸಿ ಕೇಳಲಿಲ್ಲ. ಅದರ ಸದಸ್ಯತ್ವಕ್ಕೇ ಕುತ್ತು ಬಂತು, ಅದು ಸ್ಪರ್ಧಾ ಆಯೋಗದ ಬಾಗಿಲು ತಟ್ಟಿತು. 2011ರಲ್ಲಿ ಆಯೋಗ ಮೂರು ಸಂಘಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ಅವುಗಳಲ್ಲಿ 1951ರಷ್ಟು ಹಳೆಯ ಟ್ರಾವೆಲ್ ಏಜೆಂಟ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಕೂಡ ಒಂದು. ಹೊಟ್ಟೆಪಾಡಿಗೇ ಕಲ್ಲು ಬಿದ್ದಾಗ ಸಿಟ್ಟು ಬರುವುದು ಸಹಜ. ಆದರೆ ಒಲ್ಲೆ ಎಂದವನ ಕೈ ತಿರುಚುವ ಅಧಿಕಾರ ಸಂಘಕ್ಕಿಲ್ಲ.

ಈಗ ನಿಮ್ಮ ರೊಕ್ಕದ ವಿಷಯ. ಇದಕ್ಕೆ ಕಾನೂನು ಆಗಲೇ ಇದೆ, ಬಳಸುವವರಿಲ್ಲ. 2006ರ ಎಂಎಸ್ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಗಳ ಬಿಲ್ಲನ್ನು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ಗಾಡಿ ಬಾಡಿಗೆಯೂ ಸೇವೆಯೇ, ನಿಮಗೂ ಅನ್ವಯಿಸುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಕಟ್ಟು ಬಿದ್ದಿದೆ: ಗಡುವಿನೊಳಗೆ ಹಣ ಕೊಡದೆ ವರ್ಷ ದಾಟಿಸಿದರೆ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಮಾರ್ಚ್ ಹತ್ತಿರ ಬಂದಾಗ ಅಕೌಂಟ್ಸ್‌ನವರೇ ಫೋನ್ ಮಾಡಿ "ನಿಮ್ಮ ಉದ್ಯಮ್ ನಂಬರ್ ಕೊಡ್ರಿ" ಎನ್ನುವುದು ಇದಕ್ಕೇ. ಉದ್ಯಮ್ ಎಂದರೆ ಇಂಥ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ನೋಂದಣಿ; ಅದು ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ. ಮುಂದಿನ ಟ್ರಿಪ್ಪಿಗೆ ಮೊದಲೇ ಮಾಡಿಸಿಡಿ.

ಹಾಗಾದರೆ ಒಬ್ಬರೇ ದೂರು ಕೊಡಬಹುದಲ್ಲ? ಕೊಡಬಹುದು, ಸರ್ಕಾರದ ಆನ್‌ಲೈನ್ ಪೋರ್ಟಲ್ ಅದಕ್ಕೇ ಇದೆ. ಆದರೆ ಮರುದಿನ ನಿಮ್ಮ ಜಾಗದಲ್ಲಿ ಬೇರೆಯವರ ಗಾಡಿ ಪ್ಲಾಂಟಿನ ಗೇಟ್ ಮುಂದೆ ನಿಂತಿರುತ್ತದೆ, ಅದು ನಿಮಗೂ ಗೊತ್ತು. ಸಂಘ ಬೇಕಾಗುವುದು ಇಲ್ಲೇ. ಯಾರ ಬಿಲ್ಲು ಎಂದು ಹೆಸರೆತ್ತದೆ, "ನಮ್ಮ ಸದಸ್ಯರ ಬಿಲ್ಲುಗಳು 45 ದಿನ ದಾಟುತ್ತಿವೆ" ಎಂದು ಕಂಪನಿಯ ಅಡ್ಮಿನ್ ವಿಭಾಗಕ್ಕೆ ಪತ್ರ ಬರೆಯಲು ಸಂಘದ ಲೆಟರ್‌ಹೆಡ್ ಸಾಕು.

ಆದರೆ ಬಿಲ್ಲು ಕೂರುವುದಕ್ಕೆ ಕಂಪನಿಯೊಂದೇ ಕಾರಣವಲ್ಲ. ಟ್ರಿಪ್ ಶೀಟಿನಲ್ಲಿ ಸಹಿ ಇಲ್ಲ, ಕಿಲೋಮೀಟರ್ ತಿದ್ದಿದೆ, ಟೋಲ್ ಚೀಟಿ ಕಳೆದಿದೆ, ಡ್ರೈವರ್ ಬಾಟಾ ಒಂದೊಂದು ಬಿಲ್ಲಿನಲ್ಲಿ ಒಂದೊಂದು ಥರ. ಶೆಡ್ಡಿನಿಂದ ಶೆಡ್ಡಿಗೆ ಲೆಕ್ಕವೋ, ಪಿಕಪ್‌ನಿಂದ ಡ್ರಾಪ್‌ವರೆಗೆ ಮಾತ್ರವೋ ಎಂಬ ಜಗಳ ಬೇರೆ. ದರ ಅವರವರದೇ ಇರಲಿ, ನಮೂನೆ ಒಂದೇ ಇರಲಿ. ಎಲ್ಲರದೂ ಒಂದೇ ಟ್ರಿಪ್ ಶೀಟ್, ಒಂದೇ ಮಾದರಿಯ ಒಪ್ಪಂದ ಮಾಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಜಿಎಸ್‌ಟಿ ಸಾಲನ್ನೂ ಅದರಲ್ಲೇ ಅಚ್ಚು ಹಾಕಿಸಿ. ಮಾಲೀಕ ನೀವೊಬ್ಬರೇ ಆಗಿದ್ದು, ಕಂಪನಿಗೆ ಡೀಸೆಲ್ ಸೇರಿಸಿ ಬಾಡಿಗೆ ಹಾಕುವುದಾದರೆ, ಶೇಕಡಾ 5ರ ತೆರಿಗೆಯನ್ನು 2019ರ ಅಕ್ಟೋಬರ್‌ನಿಂದ ಕಂಪನಿಯೇ ನೇರವಾಗಿ ಕಟ್ಟಬೇಕು. ಇದನ್ನು ತಿಳಿಯದೆ ಬಿಲ್ಲಿನಲ್ಲಿ ತೆರಿಗೆ ಸೇರಿಸಿದರೆ ಅದು ವಾಪಸ್ ಬರುತ್ತದೆ, ಮತ್ತೆ ಒಂದು ತಿಂಗಳು.

ಸಭೆಗೆ ನಿಮ್ಮವರನ್ನಷ್ಟೇ ಕರೆಯಬೇಡಿ, ಕಂಪನಿಗಳ ಅಡ್ಮಿನ್‌ನವರನ್ನೂ ಕರೆಯಿರಿ. ಗ್ಲೋಬಲ್ ಬಿಸಿನೆಸ್ ಟ್ರಾವೆಲ್ ಅಸೋಸಿಯೇಷನ್ 1968ರಲ್ಲಿ ಅಮೆರಿಕದಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಕಂಪನಿಗಳಲ್ಲಿ ಕೂತು ಪ್ರಯಾಣದ ವ್ಯವಸ್ಥೆ ನೋಡುವವರೂ, ಟಿಕೆಟ್, ರೂಮು, ಕಾರು ಒದಗಿಸುವವರೂ ಇಂದು ಅದರಲ್ಲಿ ಒಟ್ಟಿಗಿದ್ದಾರೆ. ಬಳ್ಳಾರಿಯಲ್ಲಿ ಅಷ್ಟು ದೊಡ್ಡದು ಬೇಡ. ಇಬ್ಬರು ಅಡ್ಮಿನ್ ಮ್ಯಾನೇಜರ್‌ಗಳು ಬಂದು ಟ್ರಿಪ್ ಶೀಟ್ ನೋಡಿ, "ಇಷ್ಟಿದ್ರೆ ಪಾಸ್ ಮಾಡ್ತೀವಿ" ಎಂದರೆ ಅರ್ಧ ಕೆಲಸ ಆಯಿತು.

ಅವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಬಿಳಿ ಬೋರ್ಡ್ ಗಾಡಿ ಕಳಿಸ್ತೀರಲ್ಲ, ಯಾಕೆ? ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ, ಒಳಗೆ ಕೂತ ಅಧಿಕಾರಿಯ ಮನೆಯವರಿಗೆ ಉತ್ತರ ಹೇಳಬೇಕಾದ್ದು ಕಂಪನಿ. "ಹಳದಿ ಬೋರ್ಡ್ ಇದ್ದವರಿಗಷ್ಟೇ ಸದಸ್ಯತ್ವ" ಎಂಬ ನಿಯಮ ಇಟ್ಟರೆ ಸಭೆಯಲ್ಲಿ ಕುರ್ಚಿ ಅರ್ಧ ಖಾಲಿಯಾದೀತು. ಆಗಲಿ ಬಿಡಿ. ಕರ್ನಾಟಕದಲ್ಲಿ ಸಂಘ ನೋಂದಾಯಿಸಲು 7 ಜನ ಸಾಕು.